ಮಲ್ಲಮ್ಮನ ಹಾಜರಿ

ಹೊಸದಾಗಿ ಪ್ರಾಥಮಿಕ ಶಾಲೆಯ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ನಮ್ಮ ಮನೆಗೆ ಬಂದಿದ್ದರು. ಒಬ್ಬಳು ನನ್ನ ತಮ್ಮನ ಸೊಸೆ, ಇನ್ನೊಬ್ಬಳು ಅವಳ ಗೆಳತಿ. ಮೂವತ್ತೈದು ವರ್ಷ ಪಾಠ ಮಾಡಿದವರು ನೀವು, ಏನಾದರೂ ಹೇಳಿ ಎಂದು ಕೇಳಿದರು. ಕಾಫಿ ಕೊಟ್ಟೆ. ಗಂಟಲು ಕಟ್ಟಿದರೆ ಬಿಸಿನೀರು ಕುಡಿಯಿರಿ, ಸೀಮೆಸುಣ್ಣದ ಕೈಯನ್ನು ಸೀರೆಗೆ ಒರೆಸಿಕೊಳ್ಳಬೇಡಿ, ರಜೆ ಬೇಕಿದ್ದರೆ ಸೋಮವಾರ ಕೇಳಬೇಡಿ ಎಂದೆಲ್ಲ ಹೇಳಿದೆ. ಇಬ್ಬರೂ ನಕ್ಕು ಹೋದರು. ಹೇಳಬೇಕಾದ್ದನ್ನು ಮಾತ್ರ ಹೇಳಿರಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ನನ್ನ ಮೊದಲ ವರ್ಷದ ಕಥೆಯಲ್ಲ. ನನ್ನ ಕೈಕೆಳಗೆ ಕೆಲಸ ಮಾಡಿದ ಒಬ್ಬಳ ಮೊದಲ ವರ್ಷ. ಅದನ್ನು ಹಾಳು ಮಾಡಿದವಳು ನಾನು.

ನಾನು ಅಬ್ಬಿಗೆರೆಯಲ್ಲೇ ಹುಟ್ಟಿದವಳು. ನಮ್ಮಪ್ಪ ರಾಗಿ ಬಿತ್ತುತ್ತಿದ್ದ ಹೊಲದ ಮೇಲೆ ಈಗ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳು ನಿಂತಿವೆ. ಕೆಲಸಕ್ಕೆ ಸೇರಿದಾಗ ಸ್ಲೇಟು, ಮಗ್ಗಿ, ಬೆತ್ತ ಇಷ್ಟೇ ನನ್ನ ಸಾಮಾನು. ಎಲ್ಲ ಮಕ್ಕಳೂ ಒಂದೇ ಪಾಠವನ್ನು ಒಂದೇ ದನಿಯಲ್ಲಿ ಒದರಬೇಕಿತ್ತು. ಆಮೇಲೆ ಕಾರ್ಡುಗಳು ಬಂದವು, ಗುಂಪುಗಳು ಬಂದವು, ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಒಂದೊಂದು ಮಗುವಿಗೂ ಅದರದರ ವೇಗದಲ್ಲಿ ಕಲಿಸುವ ಪದ್ಧತಿ ಬಂತು. ಅ ಆ ಇ ಈ ಬದಲು ರ ಗ ಸ ದ ಅ ಎಂದು ಶುರು ಮಾಡಬೇಕು ಅಂದಾಗ ನಾವು ಹಳಬರು ತರಬೇತಿಯ ಹಾಲಿನಲ್ಲಿ ಮುಸಿಮುಸಿ ನಕ್ಕಿದ್ದೆವು. ಆ ಐದೇ ಅಕ್ಷರದಲ್ಲಿ ಸರ, ಅಗಸ, ಅರಸ, ಗರಗಸ ಎಲ್ಲ ಓದಬಹುದು ಎಂದು ಗೊತ್ತಾದ ಮೇಲೆ ನಗು ನಿಂತಿತು.

ಕೊನೆಯ ಕೆಲವು ವರ್ಷ ನಾನು ಮನೆಯಿಂದ ನಡೆದು ಹೋಗುವಷ್ಟು ದೂರದ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿದ್ದೆ. ಎರಡು ಕೋಣೆ, ಒಂದು ವರಾಂಡ, ಅಡುಗೆ ಮನೆ, ಅಷ್ಟೆ. ಊರಿನ ಹಳೆಯ ಮನೆಗಳ ಮಕ್ಕಳೆಲ್ಲ ಹಳದಿ ವ್ಯಾನು ಹತ್ತಿ ಕಾನ್ವೆಂಟಿಗೆ ಹೋಗುತ್ತಿದ್ದವು, ನನ್ನ ತಮ್ಮನ ಮೊಮ್ಮಕ್ಕಳೂ ಸೇರಿ. ನಮ್ಮಲ್ಲಿಗೆ ಬರುತ್ತಿದ್ದದ್ದು ಗಾರೆ ಕೆಲಸದವರ, ಯಶವಂತಪುರದ ಮಾರುಕಟ್ಟೆಯಲ್ಲಿ ಮೂಟೆ ಹೊರುವವರ, ಮನೆಗೆಲಸ ಮಾಡುವವರ ಮಕ್ಕಳು. ಒಂದು ಕಟ್ಟಡ ಮುಗಿದರೆ ಐದು ಮಕ್ಕಳು ಮಾಯ, ಇನ್ನೊಂದು ಕಟ್ಟಡಕ್ಕೆ ಪಾಯ ತೆಗೆದರೆ ಆರು ಮಕ್ಕಳು ಹಾಜರ್. ಸಂಖ್ಯೆ ತೀರ ಇಳಿದರೆ ಶಾಲೆಯನ್ನು ಪಕ್ಕದ ಶಾಲೆಗೆ ಸೇರಿಸಿಬಿಡುತ್ತಾರೆ ಅನ್ನುವ ಭಯ ನಮ್ಮ ತಲೆಯ ಮೇಲೆ ಯಾವಾಗಲೂ ಇತ್ತು. ಅದಕ್ಕೆ ನಾನೊಂದು ಉಪಾಯ ಕಂಡುಕೊಂಡಿದ್ದೆ. ಬರದ ಮಗುವಿಗೂ ಹಾಜರಿ ಹಾಕುವುದು. ವಾರಕ್ಕೊಂದೆರಡು ದಿನ ಬಿಟ್ಟು ಉಳಿದ ದಿನ ಬಂದಂತೆ ತೋರಿಸುವುದು. ಇದರಿಂದ ಯಾರಿಗೂ ನಷ್ಟವಿಲ್ಲ ಎಂದೇ ನಂಬಿದ್ದೆ.

ಜೂನ್ ತಿಂಗಳಲ್ಲಿ ಚೈತ್ರಾ ಬಂದಳು. ಶಿರಾ ಕಡೆಯ ಹುಡುಗಿ, ಬಾಗಲಗುಂಟೆಯಲ್ಲಿ ಅಕ್ಕನ ಮನೆಯಲ್ಲಿದ್ದಳು. ಇಪ್ಪತ್ತಾರು ವರ್ಷ. ಬಣ್ಣದ ಕಾಗದ, ಕತ್ತರಿ, ಅಂಟು ತುಂಬಿದ ಚೀಲ ಹೊತ್ತು ಬಂದವಳನ್ನು ನೋಡಿ ಇವಳಿಗೆ ಎಷ್ಟು ದಿನ ಈ ಉತ್ಸಾಹ ಎಂದುಕೊಂಡೆ. ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಅವಳಿಗೆ ಒಪ್ಪಿಸಿದೆ. ಅರ್ಧ ಮಕ್ಕಳಿಗೆ ಮನೆಮಾತು ತೆಲುಗೋ ಉರ್ದುವೋ ಹಿಂದಿಯೋ. ಉಳಿದವರ ಕನ್ನಡ ಯಾದಗಿರಿ, ರಾಯಚೂರಿನದು, ಅದು ಅವಳಿಗೆ ಅರ್ಥವಾಗುತ್ತಿರಲಿಲ್ಲ, ಅವಳದು ಅವರಿಗೆ ಆಗುತ್ತಿರಲಿಲ್ಲ. ಮೊದಲ ದಿನ ಊಟದ ಹೊತ್ತಿಗೆ ಒಂದು ಮಗು ಗೇಟು ದಾಟಿ ಓಡಿತ್ತು, ಇನ್ನೊಂದು ಅವಳ ಚಾರ್ಟಿನ ಮೇಲೆ ಉಚ್ಚೆ ಹೊಯ್ದಿತ್ತು. ಶಾಲೆ ಬಿಟ್ಟ ಮೇಲೆ ಅಕ್ಕಿ ಮೂಟೆಗಳ ಕೋಣೆಯಲ್ಲಿ ಕೂತು ಅತ್ತಳು.

ಅಡುಗೆಯ ಮುನಿಯಮ್ಮ ನಮ್ಮೂರಿನವಳೇ. ಅವಳು ಒಳಗೆ ಹೋಗಿ, "ಅಳ್ಬೇಡ ಕಣವ್ವ, ಮೊದ್ಲು ಎಲ್ರೂ ಇಂಗೇ ಅಳೋದು. ಈಯಮ್ಮನೂ ಅತ್ತಿರ್ತಾಳೆ," ಎಂದು ನನ್ನ ಕಡೆ ಕೈ ತೋರಿಸಿದಳು. ನಾನು ಅತ್ತಿರಲಿಲ್ಲ. ನನ್ನ ಮೊದಲ ವರ್ಷದಲ್ಲಿ ನಾನು ಹೊಡೆದಿದ್ದೆ.

ಚೈತ್ರಾ ಕೂಡ ಒಂದು ಸಲ ಹೊಡೆದಳು. ಆಗಸ್ಟಿನಲ್ಲಿ ಅವಳು ರಾತ್ರಿಯೆಲ್ಲ ಕೂತು ಮಾಡಿದ್ದ ಕಾರ್ಡುಗಳನ್ನು ಒಬ್ಬ ಹುಡುಗ ಹರಿದು ಹಾಕಿದಾಗ ಅವನ ಕೆನ್ನೆಗೆ ಬಾರಿಸಿದಳು. ತುಟಿ ಒಡೆದು ರಕ್ತ ಬಂತು. ಮರುದಿನ ಅವನ ತಾಯಿ ಬರುತ್ತಿರುವುದನ್ನು ಕಂಡು ಇವಳು ಬಾಗಿಲ ಹಿಂದೆ ಸರಿದಳು. ಆ ತಾಯಿ ಬಂದದ್ದು ಜಗಳಕ್ಕಲ್ಲ. ಇನ್ನೂ ಎರಡು ಹಾಕಿ, ಆದರೆ ಓದೋದು ಕಲಿಸಿ ಎಂದು ಕೈಮುಗಿದು ಹೋದಳು. ಬೈದಿದ್ದರೆ ಚೈತ್ರಾಳಿಗೆ ಸಮಾಧಾನವಾಗುತ್ತಿತ್ತೋ ಏನೋ. ಆ ಹುಡುಗನ ಮುಂದೆ ಮಂಡಿಯೂರಿ ಕೂತು ತಪ್ಪಾಯಿತು ಎಂದಳು. ಶಿಕ್ಷಕಿ ಮಕ್ಕಳ ಮುಂದೆ ಹೀಗೆ ತಗ್ಗಬಾರದು ಎಂದು ನಾನು ಬುದ್ಧಿ ಹೇಳಿದೆ. ಅವಳು ಆಮೇಲೆ ಯಾರ ಮೇಲೂ ಕೈ ಎತ್ತಲಿಲ್ಲ, ಮಕ್ಕಳು ಅವಳ ಮಾತು ಕೇಳುವುದನ್ನು ನಿಲ್ಲಿಸಲೂ ಇಲ್ಲ.

ಮಲ್ಲಮ್ಮ ಸೇರಿದ್ದು ಅದೇ ತಿಂಗಳು. ಎಂಟು ವರ್ಷ, ಯಾದಗಿರಿ ಕಡೆಯವಳು. ಶಾಲೆಯ ಹಿಂದಿನ ಬೀದಿಯಲ್ಲಿ ಏಳುತ್ತಿದ್ದ ಕಟ್ಟಡದಲ್ಲಿ ಅವಳ ಅಪ್ಪ ಅಮ್ಮ ಗಾರೆ ಕೆಲಸ ಮಾಡುತ್ತಿದ್ದರು, ಅಲ್ಲೇ ತಗಡಿನ ಶೆಡ್ಡಿನಲ್ಲಿ ವಾಸ. ಅವಳು ಮೊದಲ ದಿನವೇ ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಒಂದೂವರೆ ವರ್ಷದ ಕೂಸು, ಶಾಂತಿ ಎಂದು ಹೆಸರು, ಎಲ್ಲರೂ ಪಾಪು ಅನ್ನುತ್ತಿದ್ದರು. ಕೂಸನ್ನು ನೋಡಿಕೊಳ್ಳುವುದು ಮಲ್ಲಮ್ಮನ ಕೆಲಸ. ಕೂಸು ಬಂದರೆ ಅವಳು ಶಾಲೆಗೆ ಬರುತ್ತಾಳೆ, ಇಲ್ಲದಿದ್ದರೆ ಇಲ್ಲ.

ಚೈತ್ರಾ ತನ್ನ ಒಂದು ಹಳೆಯ ಸೀರೆ ತಂದು ವರಾಂಡದ ಕಿಟಕಿ ಸರಳಿಗೆ ಜೋಲಿ ಕಟ್ಟಿದಳು. ಪಾಪು ಅದರಲ್ಲಿ ಮಲಗುತ್ತಿತ್ತು, ಎದ್ದರೆ ಮುನಿಯಮ್ಮನ ಹತ್ತಿರ ಅನ್ನ ತಿನ್ನುತ್ತಿತ್ತು, ಕೆಲವು ಸಲ ಕೋಣೆಯೊಳಗೆ ಪುಟ್ಟ ಹೆಜ್ಜೆಯಿಟ್ಟು ಬಂದು ಮಕ್ಕಳ ಕಾರ್ಡು ನೆಕ್ಕುತ್ತಿತ್ತು. ಮಲ್ಲಮ್ಮ ಎರಡು ತಿಂಗಳಲ್ಲಿ ಐದು ಅಕ್ಷರವಲ್ಲ, ಐದು ಗುಂಪು ಅಕ್ಷರ ದಾಟಿದಳು. ಒಂದು ದಿನ ಬೆಳಿಗ್ಗೆ ಓಡಿಬಂದು, ರೇಷನ್ ಅಂಗಡಿಯ ಬೋರ್ಡಿನ ಮೇಲೆ 'ದರ' ಅಂತ ಬರೆದಿದ್ದಾರೆ, ನಾನು ಓದಿದೆ ಎಂದು ಹೇಳಿದಳಂತೆ. ಚೈತ್ರಾ ಅದನ್ನು ನನಗೆ ಹೇಳುವಾಗ ಅವಳ ಮುಖ ನೋಡಬೇಕಿತ್ತು. ಯಾವ ಶಿಕ್ಷಕಿಗೂ ಮೊದಲ ವರ್ಷದಲ್ಲಿ ಇಂಥದ್ದೊಂದು ಸಿಕ್ಕರೆ ಸಾಕು, ಮೂವತ್ತು ವರ್ಷ ಎಳೆದುಕೊಂಡು ಹೋಗುತ್ತದೆ.

ಅಕ್ಟೋಬರಿನಲ್ಲಿ, ದಸರಾ ರಜೆ ಮುಗಿದ ವಾರ, ಮೇಲಧಿಕಾರಿಯೊಬ್ಬರು ಹೇಳದೆ ಕೇಳದೆ ಬಂದರು. ನನ್ನ ಮಗನ ವಯಸ್ಸಿನವರು. ವರಾಂಡದ ಜೋಲಿ ಕಂಡು ನಿಂತರು. ಅಷ್ಟರಲ್ಲಿ ಪಾಪು ಅಳತೊಡಗಿತು. "ಇದೇನ್ ಸ್ಕೂಲಾ ಮೇಡಂ, ಬಾಲವಾಡೀನಾ? ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರ್ ಜವಾಬ್ದಾರಿ?" ಎಂದು ಮಕ್ಕಳೆಲ್ಲರ ಎದುರು ಕೇಳಿದರು. ಉತ್ತರ ಕೊಡಬಹುದಿತ್ತು. ಈ ಜೋಲಿ ಬಿಚ್ಚಿದರೆ ಒಂದು ಮಗು ಶಾಲೆ ಬಿಡುತ್ತದೆ ಎಂದು ಹೇಳಬಹುದಿತ್ತು. ನಿವೃತ್ತಿಗೆ ಎಂಟು ತಿಂಗಳಿತ್ತು. ಸುಮ್ಮನೆ ತಲೆ ತಗ್ಗಿಸಿದೆ.

ಅವರು ಹೋದ ಮೇಲೆ ನನ್ನ ಅವಮಾನವನ್ನೆಲ್ಲ ಚೈತ್ರಾಳ ಮೇಲೆ ತೀರಿಸಿಕೊಂಡೆ. ನಾಳೆಯಿಂದ ಕೂಸು ಗೇಟಿನೊಳಗೆ ಬರಕೂಡದು ಎಂದೆ. ಅವಳು, "ಪಾಪು ಬರ್ಲಿಲ್ಲ ಅಂದ್ರೆ ಮಲ್ಲಮ್ಮನೂ ಬರಲ್ಲ ಮೇಡಂ," ಅಂದಳು.

"ಬರ್ದಿದ್ರೆ ಬಿಡು. ಹೆಸರು ಹೇಗೂ ಇರುತ್ತಲ್ಲ, ಹಾಜರಿ ಹಾಕ್ತಾ ಹೋಗು."

ಈ ಮಾತನ್ನು ನಾನು ಆಡಿದ್ದೇನೆ. ಇಂದಿಗೂ ಇದು ಇದ್ದ ಹಾಗೆಯೇ ನನಗೆ ನೆನಪಿದೆ.

ಮಲ್ಲಮ್ಮ ನಿಂತುಹೋದಳು. ಚೈತ್ರಾ ಎರಡು ಸಲ ಶೆಡ್ಡಿಗೆ ಹೋಗಿ ಬಂದಳು. ಅಂಗನವಾಡಿಯಲ್ಲಿ ಕೇಳಿದಳು, ಮೂರು ವರ್ಷ ತುಂಬದೆ ಕೂರಿಸಿಕೊಳ್ಳುವುದಿಲ್ಲ ಅಂದರಂತೆ. ಮತ್ತೆ ನನ್ನ ಹತ್ತಿರ ಬಂದು, ಮಧ್ಯಾಹ್ನದವರೆಗಾದರೂ ಬಿಡಿ ಎಂದು ಕೇಳಿಕೊಂಡಳು. ಆಗಲ್ಲ ಅಂದೆ. ಹಾಜರಿ ಹಾಕುವುದಕ್ಕೆ ಅವಳಿಗೆ ಮನಸ್ಸಿರಲಿಲ್ಲ. ಮೊದಲ ವಾರ ಮಲ್ಲಮ್ಮನ ಸಾಲನ್ನು ಖಾಲಿ ಬಿಟ್ಟಿದ್ದಳು. ಶಾಲೆ ಮುಚ್ಚಿದರೆ ಉಳಿದ ಮಕ್ಕಳೂ ಬೀದಿಗೆ ಬೀಳುತ್ತಾರೆ, ನೀನಿನ್ನೂ ಪ್ರೊಬೇಷನ್ನಿನಲ್ಲಿರುವವಳು, ಹೇಳಿದಷ್ಟು ಮಾಡು ಎಂದು ನಾನೇ ಎದುರು ಕೂತು ತುಂಬಿಸಿದೆ. ಅವಳು ಮಾಡಿದಳು. ತನ್ನ ಮನಸ್ಸಿನ ಸಮಾಧಾನಕ್ಕೋ ಏನೋ, ಸಂಜೆ ಬಸ್ಸಿಗೆ ಹೋಗುವ ದಾರಿಯಲ್ಲಿ ಶೆಡ್ಡಿಗೆ ಹೋಗಿ ಮಲ್ಲಮ್ಮನಿಗೆ ಓದಲು ಕಾರ್ಡುಗಳನ್ನು ಕೊಟ್ಟು ಬರುತ್ತಿದ್ದಳು.

ಜನವರಿಯಲ್ಲಿ, ಸಂಕ್ರಾಂತಿ ಕಳೆದು ನಾಲ್ಕೈದು ದಿನಕ್ಕೆ, ಬೆಳಿಗ್ಗೆ ಹನ್ನೊಂದೂವರೆಗೆ ಮುನಿಯಮ್ಮ ಏದುಸಿರು ಬಿಡುತ್ತ ಕೋಣೆಯ ಬಾಗಿಲಿಗೆ ಬಂದಳು. ಆ ಪಾಪು ಕಟ್ಟಡದ ನೀರಿನ ಸಂಪಿಗೆ ಬಿದ್ದುಹೋಯಿತಂತೆ ಅಂದಳು. ಚೈತ್ರಾ ಕೈಯಲ್ಲಿದ್ದ ಸೀಮೆಸುಣ್ಣ ಹಿಡಿದುಕೊಂಡೇ ಓಡಿದಳು. ಎರಡು ಕೋಣೆಯ ಮಕ್ಕಳನ್ನೂ ಒಟ್ಟಿಗೆ ಕೂರಿಸಿ ನಾನು ಮಗ್ಗಿ ಹೇಳಿಸುತ್ತಿದ್ದೆ. ಬೇರೇನೂ ತೋಚಲಿಲ್ಲ.

ಮೂರು ಗಂಟೆಗೆ ವಾಪಸು ಬಂದಳು. ಸೀರೆಯ ಅಂಚೆಲ್ಲ ಒದ್ದೆ, ಸಿಮೆಂಟು ಮೆತ್ತಿತ್ತು. ನೆಲದೊಳಗಿನ ಸಂಪಿನ ತೊಟ್ಟಿಯ ಬಾಯಿಗೆ ಒಂದು ಹಲಗೆ ಮುಚ್ಚಿದ್ದರಂತೆ, ನೀರು ಸೇದಿದವರು ಅದನ್ನು ಪಕ್ಕಕ್ಕೆ ಸರಿಸಿ ಹೋಗಿದ್ದರಂತೆ. ಅಮ್ಮ ದೇವಮ್ಮ ಮೇಲಿನ ಅಂತಸ್ತಿಗೆ ಇಟ್ಟಿಗೆ ಹೊರುತ್ತಿದ್ದಳು. ಮಲ್ಲಮ್ಮ ಕೂಸನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದುತ್ತಿದ್ದಳು. ತಲೆ ಎತ್ತಿದಾಗ ಕೂಸು ಇರಲಿಲ್ಲ. ಇಷ್ಟನ್ನು ಹೇಳಿ ಚೈತ್ರಾ ಗೋಡೆಗೆ ಒರಗಿದಳು. "ಅವಳ ಕೈಯಲ್ಲಿ ನಾನು ಕೊಟ್ಟ ಕಾರ್ಡಿತ್ತು ಮೇಡಂ. ಬಿಡಿಸ್ಕೊಳ್ಳೋಕೆ ಹೋದ್ರೆ ಬಿಡ್ಲಿಲ್ಲ."

ಆಗ ನಾನು ಅವಳ ಭುಜದ ಮೇಲೆ ಕೈಯಿಟ್ಟೆ. ಅದರ ಜೊತೆಗೇ ನನ್ನ ತಲೆಯಲ್ಲಿ ಓಡುತ್ತಿದ್ದದ್ದು, ಇವತ್ತಿನ ಹಾಜರಿ ಪುಸ್ತಕದಲ್ಲಿ ಮಲ್ಲಮ್ಮ ಬಂದಿದ್ದಾಳೆ ಅನ್ನುವುದು.

ಮರುದಿನ ಸಬ್ ಇನ್‌ಸ್ಪೆಕ್ಟರ್ ಬಂದರು. ಜೊತೆಗೆ ಕಟ್ಟಡದ ಮೇಸ್ತ್ರಿ. ಮೇಸ್ತ್ರಿ ಹೇಳಿಕೆ ಕೊಟ್ಟಿದ್ದ: ಸಂಪಿಗೆ ಹಲಗೆ ಮುಚ್ಚೇ ಇತ್ತು, ಈ ಹೆಂಗಸು ಕೂಸನ್ನು ಒಂಟಿಯಾಗಿ ಬಿಟ್ಟು ಕೆಲಸಕ್ಕೆ ಬಂದಿದ್ದಾಳೆ, ದೊಡ್ಡ ಹುಡುಗಿ ಶಾಲೆಗೆ ಹೋಗಿದ್ದಳು. ದೇವಮ್ಮ, ದೊಡ್ಡವಳು ಜೊತೆಗಿದ್ದಳು ಅನ್ನುತ್ತಿದ್ದಳು. ಯಾರದು ನಿಜ ಎಂದು ನೋಡಲು ಸಬ್ ಇನ್‌ಸ್ಪೆಕ್ಟರ್ ಹಾಜರಿ ಪುಸ್ತಕ ಕೇಳಿದರು. ಕೂಸನ್ನು ಬಿಟ್ಟು ಹೋದದ್ದು ನಿಜವಾದರೆ ತಾಯಿಯ ಮೇಲೇ ಕೇಸು.

ದೇವಮ್ಮ ಮಲ್ಲಮ್ಮನ ಕೈ ಹಿಡಿದು ಗೇಟಿನ ಹತ್ತಿರ ನಿಂತಿದ್ದಳು. ಹಿಂದಿನ ಸಂಜೆ ಕೂಸನ್ನು ಮಣ್ಣು ಮಾಡಿ ಬಂದಿದ್ದಳು. ಕಣ್ಣಲ್ಲಿ ನೀರಿರಲಿಲ್ಲ. "ನನ್ ಮಗಳು ಮನ್ಯಾಗೇ ಇದ್ಲುರಿ ಸಾಹೇಬ್ರ. ಕೂಸಿನ್ನ ಹಂಗ ಬಿಟ್ಟು ಹೋಗಾಕಿ ಅಲ್ರಿ ನಾ," ಎಂದಳು. ಅದನ್ನೇ ಮತ್ತೆ ಮತ್ತೆ ಹೇಳಿದಳು.

ನಾನು ಪುಸ್ತಕ ತೆಗೆದುಕೊಟ್ಟೆ. ಅವರು ಬೆರಳಿಟ್ಟು ಸಾಲು ಹುಡುಕಿದರು. "ರಿಜಿಸ್ಟರ್ ಪ್ರಕಾರ ಹುಡುಗಿ ನಿನ್ನೆ ಸ್ಕೂಲಲ್ಲಿ ಇದ್ಳು. ಹಂಗೇ ಬರ್ಕೊಳ್ಳಲಾ ಮೇಡಂ?"

ನಾನು "ಹೂಂ" ಅಂದೆ.

ಅವರು ಬರೆಯತೊಡಗಿದರು. ಆಗ ಚೈತ್ರಾ ತರಗತಿಯ ಬಾಗಿಲಿನಿಂದ ಈಚೆ ಬಂದಳು. "ಇಲ್ಲ ಸಾರ್. ಅವಳು ನಿನ್ನೆ ಬಂದಿರ್ಲಿಲ್ಲ. ಅಕ್ಟೋಬರಿಂದಾನೂ ಬಂದಿಲ್ಲ. ಸುಳ್ಳು ಹಾಜರಿ ಅದು, ನಾನೇ ಹಾಕಿದ್ದು. ಆಯಮ್ಮ ಹೇಳ್ತಿರೋದೇ ನಿಜ."

ಸಬ್ ಇನ್‌ಸ್ಪೆಕ್ಟರ್ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ನಿಮಗೆ ಗೊತ್ತಿತ್ತಾ ಎಂದು ಕೇಳಿದರು.

ಗೊತ್ತಿರಲಿಲ್ಲ ಎಂದೆ.

ಇದನ್ನು ಬರೆಯಲು ನಾಲ್ಕು ದಿನ ಹಿಡಿಯಿತು. ಮೂವತ್ತೈದು ವರ್ಷದಲ್ಲಿ ಎಷ್ಟೋ ತಪ್ಪು ಮಾಡಿದ್ದೇನೆ. ಎಡಗೈಯಲ್ಲಿ ಬರೆಯುತ್ತಿದ್ದ ಮಗುವಿನ ಕೈಗೆ ಹೊಡೆದಿದ್ದೇನೆ, ಕಿವಿ ಕೇಳದ ಹುಡುಗಿಯನ್ನು ದಡ್ಡಿ ಎಂದು ಎರಡು ವರ್ಷ ಹಿಂದಿನ ಸಾಲಿನಲ್ಲಿ ಕೂರಿಸಿದ್ದೇನೆ. ಅವೆಲ್ಲ ತಿಳಿಯದೆ ಮಾಡಿದವು. ಇದು ತಿಳಿದು ಮಾಡಿದ್ದು. ಒಂದು ಕಡೆ ಮಗು ಕಳೆದುಕೊಂಡ ತಾಯಿ, ಇನ್ನೊಂದು ಕಡೆ ಏಳು ತಿಂಗಳ ಹಿಂದೆ ಕೆಲಸಕ್ಕೆ ಸೇರಿದ ಹುಡುಗಿ, ಇಬ್ಬರ ನಡುವೆ ನಿಂತು ನಾನು ನನ್ನನ್ನು ಉಳಿಸಿಕೊಂಡೆ.

ದೇವಮ್ಮನ ಮೇಲೆ ಕೇಸು ಬೀಳಲಿಲ್ಲ. ಅದು ಚೈತ್ರಾಳಿಂದ ಆದದ್ದು. ಸಂಪಿಗೆ ಕಬ್ಬಿಣದ ಮುಚ್ಚಳ ಬಂತು. ನನಗೆ ತಿಳಿದ ಮಟ್ಟಿಗೆ ಕಟ್ಟಡದವರಿಗೆ ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಚೈತ್ರಾಳಿಗೆ ನೋಟೀಸು ಬಂತು. ಸುಳ್ಳು ಹಾಜರಿ ಹಾಕಿದ್ದಕ್ಕೆ ವಿವರಣೆ ಕೊಡಿ ಎಂದು. ಅದನ್ನು ಅವಳ ಕೈಗೆ ಕೊಟ್ಟು ಸಹಿ ತೆಗೆದುಕೊಳ್ಳಬೇಕಾದವಳು ನಾನು. ಉತ್ತರದಲ್ಲಿ ನನ್ನ ಹೆಸರು ಬರೆಯುತ್ತಾಳೆ ಎಂದು ಕಾದೆ. ಬರೆಯಲಿಲ್ಲ. ಯಾಕಮ್ಮ ಎಂದು ಕೇಳಿದೆ. "ಹಾಕಿದ ಕೈ ನಂದಲ್ವಾ ಮೇಡಂ," ಅಂದಳು. ಆಮೇಲೆ ಕೆಲಸದ ಮಾತು ಬಿಟ್ಟು ಬೇರೆ ಮಾತು ನನ್ನ ಜೊತೆ ಆಡಲಿಲ್ಲ.

ಹತ್ತು ಹನ್ನೆರಡು ದಿನ ಕಳೆದು ಮಲ್ಲಮ್ಮ ಶಾಲೆಗೆ ಬಂದಳು. ಒಬ್ಬಳೇ. ತಲೆ ಬಾಚಿ ರಿಬ್ಬನ್ ಕಟ್ಟಿಕೊಂಡಿದ್ದಳು. ಬಾಗಿಲಲ್ಲಿ ನಿಂತು, "ಈಗ ಪಾಪು ಇಲ್ರಿ ಟೀಚರ್. ನಾ ದಿನಾ ಬರ್ತೀನ್ರಿ," ಎಂದಳು. ನಾನು ನನ್ನ ಕುರ್ಚಿಯಿಂದ ಎದ್ದು ಅಡುಗೆ ಮನೆಗೆ ಹೋದೆ. ಅಲ್ಲಿ ಮುನಿಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಮಲ್ಲಮ್ಮ ಹೇಳಿದಂತೆ ದಿನಾ ಬಂದಳು. ಕಾರ್ಡು ಮುಟ್ಟುತ್ತಿರಲಿಲ್ಲ. ಕೊಟ್ಟರೆ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದಳು. ಚೈತ್ರಾ ಬಲವಂತ ಮಾಡಲಿಲ್ಲ. ಮರಳಿನಲ್ಲಿ ಬರೆಸಲು ನೋಡಿದಳು, ಹುಣಸೆ ಬೀಜ ಜೋಡಿಸಿ ನೋಡಿದಳು, ಬರೀ ಹಾಡು ಹೇಳಿಸಿ ನೋಡಿದಳು. ಕೆಲವು ದಿನ ಏನೂ ಮಾಡದೆ ಪಕ್ಕದಲ್ಲಿ ಕೂತಿರುತ್ತಿದ್ದಳು. ನಾನು ಕಲಿತ ಹಳೆಯ ಪದ್ಧತಿಯಲ್ಲಾಗಲಿ ಹೊಸ ಪದ್ಧತಿಯಲ್ಲಾಗಲಿ ಇಂಥ ಮಗುವಿಗೆ ಏನು ಮಾಡಬೇಕು ಎಂದು ಯಾರೂ ಹೇಳಿರಲಿಲ್ಲ. ಮಾರ್ಚಿನವರೆಗೂ ಅವಳು ಒಂದಕ್ಷರ ಓದಲಿಲ್ಲ.

ಯುಗಾದಿಗೆ ಮುಂಚೆ ಕಟ್ಟಡ ಮುಗಿಯಿತು. ಮಲ್ಲಮ್ಮನ ಮನೆಯವರು ಹೆಸರಘಟ್ಟ ರಸ್ತೆಯಲ್ಲಿ ಇನ್ನೊಂದು ಕಡೆಗೆ ಹೊರಟರು. ಭಾನುವಾರ ಚೈತ್ರಾ ಅಲ್ಲಿಗೆ ಹೋಗಿ ಹತ್ತಿರದ ಶಾಲೆ ಯಾವುದೆಂದು ನೋಡಿಕೊಂಡು ಬಂದು, ಸೋಮವಾರ ವರ್ಗಾವಣೆ ಪತ್ರ ಬರೆಸಿಕೊಂಡು ತಾನೇ ಮಲ್ಲಮ್ಮನನ್ನು ಕರೆದುಕೊಂಡು ಹೋಗಿ ಸೇರಿಸಿದಳು. ನಮ್ಮಲ್ಲಿ ಬಿಟ್ಟು ಹೋದ ಮಕ್ಕಳ ಹೆಸರಿನ ಮುಂದೆ ಗೆರೆ ಎಳೆಯುವುದಷ್ಟೇ ರೂಢಿ. ಒಂದು ಮಗುವನ್ನು ಕೈಹಿಡಿದು ಮುಂದಿನ ಶಾಲೆಗೆ ಮುಟ್ಟಿಸಿದ್ದನ್ನು ನನ್ನ ಕೆಲಸದ ಕಾಲದಲ್ಲಿ ನಾನು ಕಂಡದ್ದು ಅದೊಂದೇ ಸಲ. ಮಲ್ಲಮ್ಮ ಅಲ್ಲಿ ಎಷ್ಟು ದಿನ ಇದ್ದಳು, ಮತ್ತೆ ಓದಿದಳೋ ಇಲ್ಲವೋ ನನಗೆ ಗೊತ್ತಿಲ್ಲ.

ಬೇಸಿಗೆ ರಜೆಯ ಹೊತ್ತಿಗೆ ಚೈತ್ರಾಳ ಪ್ರೊಬೇಷನ್ ಅವಧಿಯನ್ನು ಮುಂದಕ್ಕೆ ಹಾಕಿದರು, ದೂರದ ಶಾಲೆಗೆ ಕಳಿಸಿದರು. ನನ್ನನ್ನು ಶಾಲು ಹೊದಿಸಿ, ಹಾರ ಹಾಕಿ, ಮೈಸೂರು ಪೇಟ ತೊಡಿಸಿ ಬೀಳ್ಕೊಟ್ಟರು. ಕಳಂಕವಿಲ್ಲದ ಸೇವೆ ಎಂದು ಒಬ್ಬರು ಭಾಷಣದಲ್ಲಿ ಹೇಳಿದರು. ಅಂದು ಚೈತ್ರಾ ಬಂದಿರಲಿಲ್ಲ.

ಒಂದು ವರ್ಷ ಮನೆಯಲ್ಲಿ ಕೂತೆ. ಹಿತ್ತಿಲಿಗೆ ಹೋದಾಗಲೆಲ್ಲ ನಮ್ಮ ಸಂಪಿನ ಮುಚ್ಚಳದ ಮೇಲೆ ಕಲ್ಲಿಟ್ಟಿದೆಯೇ ಎಂದು ನೋಡುತ್ತಿದ್ದೆ. ಕೊನೆಗೆ ಶಿಕ್ಷಣ ಇಲಾಖೆಗೆ ಒಂದು ಪತ್ರ ಬರೆದೆ. ಆ ಹಾಜರಿ ಹಾಕಿಸಿದವಳು ನಾನು, ಕೂಸನ್ನು ಹೊರಗೆ ಕಳಿಸಿದವಳೂ ನಾನು, ಪೊಲೀಸರ ಮುಂದೆ ಸುಳ್ಳು ಹೇಳಿದವಳೂ ನಾನೇ ಎಂದು. ಕಚೇರಿಗೆ ತೆಗೆದುಕೊಂಡು ಹೋದಾಗ ಅಲ್ಲಿನ ಪರಿಚಯದ ಗುಮಾಸ್ತರು ಓದಿ ವಾಪಸು ಚಾಚಿದರು. ಮುಗಿದ ಫೈಲು, ಈಗ್ಯಾಕೆ ಕೆದಕ್ತೀರ, ನಿಮಗೇ ತೊಂದರೆ ಅಂದರು. ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಬಂದೆ. ಅದರ ಒಂದು ನಕಲನ್ನು ಚೈತ್ರಾಳಿಗೂ ಕಳಿಸಿದೆ. ಕಚೇರಿಯಿಂದ ಇದುವರೆಗೆ ಉತ್ತರವಿಲ್ಲ.

ಚೈತ್ರಾ ಒಂದು ಮಧ್ಯಾಹ್ನ ಫೋನ್ ಮಾಡಿದಳು. ಹಿಂದೆ ಮಕ್ಕಳ ಗದ್ದಲ ಕೇಳುತ್ತಿತ್ತು. ಪತ್ರ ಸಿಕ್ಕಿತು ಅಂದಳು. ಆರೋಗ್ಯ ಹೇಗಿದೆ ಎಂದು ಕೇಳಿದಳು. ತಪ್ಪಾಯಿತು ಕಣಮ್ಮ ಎಂದೆ.

"ಆವತ್ತು ನೀವು ಹೇಳ್ತೀರ ಅಂತ ಕಾದೆ ಮೇಡಂ," ಅಂದಳು. "ಆ ಪೊಲೀಸ್ನವ್ರು ಜೀಪ್ ಹತ್ತೋವರ್ಗೂ ಕಾದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಮಕ್ಕಳು ಊಟಕ್ಕೆ ಸಾಲು ನಿಂತಿದ್ದಾರೆ, ಹೋಗಬೇಕು ಎಂದು ಹೇಳಿ ಫೋನ್ ಇಟ್ಟಳು.